ತುಪ್ಪ ತಿಂದ ಡ್ರಿಲ್ಲಿಂಗ್ ಮಿಷನ್

ಹೊಸೂರಿನ ನಮ್ಮ ಮನೆಯಲ್ಲಿ ತುಪ್ಪಕ್ಕೆ ಐದು ಬಾಯಿಗಳಿದ್ದವು. ಅಜ್ಜಿಗೆ ಚಮಚ ತುಂಬ, ಅಪ್ಪನಿಗೆ ಮುಕ್ಕಾಲು, ಚಿಕ್ಕಪ್ಪನಿಗೆ ಅರ್ಧ, ನನಗೆ ಚಮಚದ ಬೆನ್ನಿಗೆ ಅಂಟಿಕೊಂಡಿದ್ದು, ಅಮ್ಮನಿಗೆ ವಾಸನೆ. ನನಗೆ ಹದಿಮೂರು ತುಂಬಿದ ವರ್ಷ ಇವರ ಜೊತೆಗೆ ಇನ್ನೂ ಮೂವರು ಸೇರಿಕೊಂಡರು. ಒಂದು ಡ್ರಿಲ್ಲಿಂಗ್ ಮಿಷನ್, ಒಂದು ಗ್ರೈಂಡಿಂಗ್ ಮಿಷನ್, ಒಂದು ಕರೆಂಟ್ ಗರಗಸ. ಈ ಮೂವರೂ ಒಂದೇ ಮಧ್ಯಾಹ್ನ ಕೂತು ಒಂದು ಸೇರು ತುಪ್ಪ ಮುಗಿಸಿದರು. ಒಂದು ಸೇರು ಅಂದಿದ್ದು ಸ್ವಲ್ಪ ಹೆಚ್ಚಾಯಿತು, ಅರ್ಧ ಸೇರು ಇರಬಹುದು. ಆದರೆ ಬಡಿಸಲು ಹೇಳಿದವಳು ನಾನು ಅನ್ನುವುದರಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ.

ಬೆಟ್ಟದ ಕೆಳಗಿನ ಬೀದಿಯಲ್ಲಿ ನಮ್ಮ ಮನೆ ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು ನಿಂತಿತ್ತು. ಜಗಲಿ, ನಡುಮನೆ, ಅಡುಗೆಮನೆ, ಹಿತ್ತಲು. ಜಗಲಿಯಲ್ಲಿ ಸೀನಿದರೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಅಮ್ಮ "ನೂರ್ ವರ್ಷ" ಅನ್ನುತ್ತಿದ್ದಳು. ಅಡುಗೆಮನೆಯ ಪಕ್ಕಕ್ಕೆ ಒಂದು ಕತ್ತಲೆ ಕೋಣೆ. ಅದರಲ್ಲಿ ಸೊಂಟದೆತ್ತರದ ಮಣ್ಣಿನ ಗುಡಾಣಗಳು ಮೂರು. ಒಂದರಲ್ಲಿ ರಾಗಿ, ಒಂದರಲ್ಲಿ ಅವರೆಕಾಳು, ಬಾಯಿಯ ಅಂಚು ಒಡೆದಿದ್ದ ಮೂರನೆಯದರಲ್ಲಿ ಹಳೆ ಚೀಲ, ಮುರಿದ ಮೊರ, ಮತ್ತು ನಾನು ಚಿಕ್ಕವಳಿದ್ದಾಗ ಅಜ್ಜಿಯ ಮಾತಿನ ಪ್ರಕಾರ ಒಂದು ಭೂತ. ಕೋಣೆಯ ಗೋಡೆಯ ಆಚೆಗೆ ಬಚ್ಚಲಮನೆ. ಬೆಳಿಗ್ಗೆ ಐದು ಜನ ಸ್ನಾನ ಮಾಡಿದರೆ ಸಂಜೆಯವರೆಗೆ ಆ ಗೋಡೆ ಬೆವರುತ್ತಿತ್ತು. ಕೈ ಇಟ್ಟರೆ ಎಮ್ಮೆಯ ಮೂಗು ಮುಟ್ಟಿದ ಹಾಗೆ.

ಚಿಕ್ಕಪ್ಪನ ಹೆಸರು ನಾರಾಯಣ, ಮನೆಯಲ್ಲಿ ನಾರಾಣಿ. ಅಪ್ಪನಿಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಊರಿನ ಸುತ್ತ ಆಗ ಏಳುತ್ತಿದ್ದ ಫ್ಯಾಕ್ಟರಿಗಳಿಗೆ, ಹೊಸ ಮನೆಗಳಿಗೆ ಬಾಗಿಲು ಕಿಟಕಿ ಕೂರಿಸುವ ಕೆಲಸ ಅವನದು. ಕಲಿಸಿದ್ದು ಮುನಿಸ್ವಾಮಿ ಮೇಸ್ತ್ರಿ. ಮೇಸ್ತ್ರಿಗೆ ಕಣ್ಣು ಮಂಜಾಗುತ್ತ ಬಂದಾಗ ತಮ್ಮ ಮೂರು ಮಿಷನ್ನುಗಳನ್ನೂ ಚಿಕ್ಕಪ್ಪನ ಕೈಗೆ ಕೊಟ್ಟು, ನೀನು ಚೆನ್ನಾಗಿ ನೋಡಿಕೊಳ್ಳುವವರೆಗೆ ಇವು ನಿನ್ನವು ಅಂದಿದ್ದರಂತೆ. ಚಿಕ್ಕಪ್ಪ ಹಿತ್ತಲಲ್ಲಿ ಮಿಷನ್ ಓಡಿಸಿದರೆ ಗಡಿಯ ಜೂಜುವಾಡಿಯಲ್ಲಿ ಲಾರಿಗಳು ಬ್ರೇಕ್ ಹಾಕುತ್ತವೆ ಎಂದು ನಾನು ಸ್ಕೂಲಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ನಿಜವಾಗಿ ಪಕ್ಕದ ಮನೆಯ ಕೋಳಿ ಗೋಡೆ ಹತ್ತುತ್ತಿತ್ತು, ಅಷ್ಟೇ. ಅಪ್ಪ ಕನ್ನಡ ಸ್ಕೂಲಿನ ಮೇಷ್ಟ್ರು. ತಮ್ಮ ಕೈಗೆ ಮೆತ್ತಿದ ಸೀಮೆಸುಣ್ಣ ಅವರಿಗೆ ಗೌರವ, ತಮ್ಮನ ಕೈಗೆ ಮೆತ್ತಿದ ಮರದ ಪುಡಿ ಅವಮಾನ. ಊಟಕ್ಕೆ ಕೂತಾಗಲೆಲ್ಲ ಅದೇ ಮಾತು.

"ಸೊಸೈಟೀಲಿ ಕ್ಲರ್ಕ್ ಕೆಲ್ಸ ಖಾಲಿ ಆಗ್ತದೆ. ಫ್ಯಾನ್ ಕೆಳ್ಗೆ ಕೂತ್ಕೊಂಡು ಬರಿಯೋದು ಕಣ್ಲಾ."

"ಕೂತ್ಕೊಂಡ್ರೆ ನಂಗೆ ನಿದ್ದೆ ಬತ್ತದೆ ಅಣ್ಣ."

"ನಿಂತ್ಕೊಂಡು ಮಾಡ್ತಾ ಇರು. ಒಂದಿನ ಬೆಳ್ಳು ಹೋಯ್ತದೆ."

"ಬೆಳ್ಳು ಹೋದ್ರೆ ಆಮೇಲೆ ಬರಿಯೋಕೂ ಆಗಲ್ವಲ್ಲ, ಅಲ್ಲಿಗೆ ಸೊಸೈಟೀನೂ ಹೋಯ್ತು."

ಅಮ್ಮ ಸಾರಿನ ಪಾತ್ರೆಗೆ ಮುಖ ಬಗ್ಗಿಸಿ ನಗುತ್ತಿದ್ದಳು. ಅಜ್ಜಿಗೆ ಕಿವಿ ಕೇಳಿಸುತ್ತಿರಲಿಲ್ಲ. ಎಲ್ಲರೂ ನಕ್ಕಿದ್ದಾರೆಂದುಕೊಂಡು ತಾನೂ ನಗುತ್ತಿದ್ದಳು. ಅಪ್ಪ ಮಾತ್ರ ಮಜ್ಜಿಗೆಗೆ ಕಾಯದೆ ಎದ್ದು ಕೈ ತೊಳೆಯುತ್ತಿದ್ದರು. ಆಮೇಲೆ ಎರಡು ದಿನ ಅಣ್ಣ ತಮ್ಮಂದಿರ ನಡುವೆ ಮಾತೆಲ್ಲ ನನ್ನ ಮೂಲಕ. "ನಿಮ್ಮ ಚಿಕ್ಕಪ್ಪಂಗೆ ಹೇಳು", "ನಿಮ್ಮಪ್ಪಂಗೆ ಹೇಳು". ಒಂದೇ ಚಾಪೆಯ ಎರಡು ತುದಿಯಲ್ಲಿ ಕೂತಿರುತ್ತಿದ್ದರು. ನಾನು ನಡುವೆ ನಿಂತು, ಇಬ್ಬರ ಮಾತಿಗೂ ಸ್ವಲ್ಪ ಸ್ವಲ್ಪ ಬೆಲ್ಲ ಹಚ್ಚಿ ದಾಟಿಸುತ್ತಿದ್ದೆ. ಹಾಗೆ ದಾಟಿಸುವುದರಲ್ಲಿ ನನಗೆ ಒಂದು ಸೊಕ್ಕು ಬೆಳೆಯಿತು. ನನ್ನ ಬಾಯಿ ಇಲ್ಲದಿದ್ದರೆ ಈ ಮನೆ ಮೂಕ ಎಂದು ನಾನು ನಂಬಿದ್ದೆ.

ಆ ವರ್ಷ ಆಷಾಢ ಕಳೆದ ಮೇಲೆ ಚಿಕ್ಕಪ್ಪ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ. ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ಪ್ಲಾಸ್ಟರಿನ ಹಿಟ್ಟು ಕಟ್ಟಿದರು. ಬಸ್ಸಿನಲ್ಲಿ ಕುಲುಕಿಸಿಕೊಂಡು ಬರುವುದು ಬೇಡವೆಂದು ಅಲ್ಲೇ ನಮ್ಮ ಅತ್ತೆಯ ಮನೆಯಲ್ಲಿ ಮೂರು ತಿಂಗಳು ಮಲಗಿಸುವುದಾಯಿತು. ಅವನನ್ನು ನೋಡಿಕೊಂಡು ಬಂದ ಅಪ್ಪ ಚಪ್ಪಲಿ ಬಿಡುವ ಮುಂಚೆಯೇ ಜಗಲಿಯಲ್ಲಿ ನಿಂತು ಅಮ್ಮನಿಗೆ ಹೇಳಿದರು.

"ಕೇಳಿಸ್ಕೋ. ದೀಪಾವಳಿ ಆದ್ಮೇಲೆ ಆ ಮೇಸ್ತ್ರಿ ಕಲ್ಯಾಣ ಮಂಟಪದ ಬಾಗ್ಲು ಕೆಲ್ಸಾನೆಲ್ಲ ಇವನಿಗೇ ಬಿಟ್ಟುಕೊಡ್ತಾನಂತೆ. ಕಾಲು ನಿಂತು, ಮಿಷನ್ ಓಡಿ, ಆ ಕೆಲ್ಸ ಕೈಗೆ ಬಂತಾ, ಮಾಡ್ಕೊಳ್ಲಿ. ನಾನು ಇನ್ಮೇಲೆ ಬಾಯಿ ಬಿಡಲ್ಲ. ಬರ್ಲಿಲ್ವಾ, ಸುಮ್ನೆ ಬಂದು ಸೊಸೈಟೀಲಿ ಕೂತ್ಕೋಬೇಕು. ಇದು ಕಡೇ ಮಾತು. ಅವನೂ ಊ ಅಂದವ್ನೆ."

ಚಿಕ್ಕಪ್ಪನನ್ನು ಎಂಟು ವರ್ಷದ ಹುಡುಗನಾಗಿದ್ದಾಗಿನಿಂದ ಬೆಳೆಸಿದವಳು ಅಮ್ಮ. ಅವನಿಗೆ ಯಾವುದರಿಂದ ನಿದ್ದೆ ಬರುತ್ತದೆ, ಯಾವುದರಿಂದ ಬರುವುದಿಲ್ಲ ಅವಳಿಗೆ ಗೊತ್ತಿತ್ತು. ಅವತ್ತಿನಿಂದ ಮಿಷನ್ ಅನ್ನುವ ಮಾತನ್ನು ಅಪ್ಪನ ಮುಂದೆ ಯಾರೂ ಎತ್ತಲಿಲ್ಲ.

ಒಂದು ವಾರದ ಮೇಲೆ, ಅಪ್ಪ ಸ್ಕೂಲಲ್ಲಿದ್ದ ಹೊತ್ತಿಗೆ, ಮುನಿಸ್ವಾಮಿ ಮೇಸ್ತ್ರಿ ಸೈಕಲ್ಲಿನ ಹಿಂದೆ ಗೋಣಿಚೀಲ ಕಟ್ಟಿಕೊಂಡು ಬಂದರು. ಚೀಲದಲ್ಲಿ, ಚಿಕ್ಕಪ್ಪ ಬಿದ್ದ ಕೆಲಸದ ಜಾಗದಲ್ಲೇ ಉಳಿದಿದ್ದ ಮೂರು ಮಿಷನ್ನುಗಳು. ಅಮ್ಮ ಹಿತ್ತಲಲ್ಲಿ ತಲೆಗೆ ಸೀಗೆ ಹಾಕಿಕೊಂಡು ಕೂತಿದ್ದಳು, ಬರುವಂತಿರಲಿಲ್ಲ. ಅಜ್ಜಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು, ಕಿವಿ ಬರುತ್ತಿರಲಿಲ್ಲ. ಉಳಿದವಳು ನಾನು. ಮೇಸ್ತ್ರಿ ತೆಲುಗಿನವರು. ನಮ್ಮ ಬೀದಿಯಲ್ಲಿ ಮೂರು ಭಾಷೆ ಒಂದೇ ನಲ್ಲಿಯಲ್ಲಿ ಬರುತ್ತಿದ್ದರೂ ನನ್ನ ತೆಲುಗು ಸಂತೆಯ ತೆಲುಗು. ಸೊಪ್ಪಿನ ಹೆಸರು, ಎಣಿಕೆ, ನಾಲ್ಕು ಬೈಗುಳ. ಇಷ್ಟನ್ನೇ ಇಟ್ಟುಕೊಂಡು ನಾನು ಮನೆಯಲ್ಲಿ ಮಹಾ ಪಂಡಿತೆ ಎನಿಸಿಕೊಂಡಿದ್ದೆ. ಅಮ್ಮ ಕಾಡಿನ ಅಂಚಿನ ನಾಟ್ರಾಂಪಾಳ್ಯದ ಕಡೆಯವಳು, ಕನ್ನಡ ತಮಿಳು ಬಿಟ್ಟರೆ ಇನ್ನೊಂದು ತಿಳಿಯದು. ಅವಳ ಮುಂದೆ ನಾನು ಹೇಳಿದ್ದೇ ತೆಲುಗು. ಮೇಸ್ತ್ರಿ ಚೀಲವನ್ನು ಜಗಲಿಯ ಮೇಲೆ ಮಗುವನ್ನು ಮಲಗಿಸಿದ ಹಾಗೆ ಇಳಿಸಿ, ನನ್ನ ಕಡೆ ಬೆರಳೆತ್ತಿ ನಿಧಾನವಾಗಿ ಹೇಳಿದರು.

"ಅಮ್ಮಾಯಿ, ತುಪ್ಪು ಪಟ್ಟಕುಂಡಾ ಪೂಸಿ ಪೆಟ್ಟಮನಿ ಚೆಪ್ಪು ಮೀ ಅಮ್ಮತೋ. ಅರ್ಥಮಯಿಂದಾ?"

"ಅರ್ಥಮಯಿಂದಿ" ಅಂದೆ, ಯಾವ ಮಾತಿಗೂ ಅಷ್ಟು ಬೇಗ ಉತ್ತರ ಕೊಡಬಾರದು ಅನ್ನುವಷ್ಟು ಬೇಗ. ಮೇಸ್ತ್ರಿ ಹೋದರು. ನಾನು ಹಿತ್ತಲಿಗೆ ಓಡಿ, ಅಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದು ಪದವನ್ನೂ ಬಿಡಿಸಿ ಅರ್ಥ ಹೇಳಿದೆ. ತುಪ್ಪು ಅಂದರೆ ತುಪ್ಪ. ಕುಂಡಾ ಅಂದರೆ ಕುಂಡ, ಮಡಕೆ. ಪೂಸಿ ಅಂದರೆ ಹಚ್ಚಿ, ತಮಿಳಿನಲ್ಲೂ ಅದೇ. ಪೆಟ್ಟು ಅಂದರೆ ಇಡು.

"ತುಪ್ಪ ಹಚ್ಚಿ ಮಡ್ಕೇಲಿ ಇಡ್ಬೇಕಂತಮ್ಮ."

ಅಮ್ಮ ಸೀಗೆಯ ನೊರೆಯ ನಡುವೆ ಒಂದು ಕಣ್ಣು ಬಿಟ್ಟಳು.

"ಕಬ್ಬಿಣಕ್ಕೆ ಯಾರಾದ್ರೂ ತುಪ್ಪ ಹಚ್ತಾರೇನೇ?"

"ಇದು ಬರೀ ಕಬ್ಬಿಣ ಅಲ್ಲಮ್ಮ, ಕರೆಂಟ್ ಕಬ್ಬಿಣ."

"ಎಣ್ಣೆ ಅಂದಿರ್ತಾರೆ ಕಣೇ. ಸರಿಯಾಗಿ ಕೇಳಿಸ್ಕೊಂಡ್ಯಾ?"

"ತುಪ್ಪು ತುಪ್ಪು ಅಂತ ಬಾಯ್ ತುಂಬ ಅಂದ್ರು. ಮೇಸ್ತ್ರಿಗಿಂತ ನಿಂಗೊತ್ತಾ?"

ಅಮ್ಮನ ತವರಿನಿಂದ ಬಸ್ಸಿನಲ್ಲಿ ಬಂದ ತುಪ್ಪದ ಡಬ್ಬಿ ಹಬ್ಬಕ್ಕೆಂದು ಮೇಲಿನ ಗೂಡಿನಲ್ಲಿತ್ತು. ಅಲ್ಲಿನ ಅಜ್ಜಿ ಬೆಣ್ಣೆ ಕಾಯಿಸುವಾಗ ಎರಡು ಹರಳು ಉಪ್ಪು, ಒಂದು ಎಸಳು ನುಗ್ಗೆಸೊಪ್ಪು ಹಾಕುತ್ತಿದ್ದಳು. ಆ ಘಮಕ್ಕೆ ಸತ್ತವರು ಎದ್ದು ಎಲೆ ಹಾಕಿಸಿಕೊಳ್ಳಬೇಕು. ಅಮ್ಮ ತಲೆ ಒರೆಸಿಕೊಂಡು ಬಂದು, ಆ ಡಬ್ಬಿ ಇಳಿಸಿ, ಮೂರು ಮಿಷನ್ನುಗಳನ್ನೂ ತೊಡೆಯ ಮೇಲೆ ಒಂದೊಂದಾಗಿ ಹಾಕಿಕೊಂಡು, ಎಳೆಗೂಸಿಗೆ ಎಣ್ಣೆ ತಿಕ್ಕಿದ ಹಾಗೆ ತುಪ್ಪ ತಿಕ್ಕಿದಳು. ಡ್ರಿಲ್ಲಿಂಗ್ ಮಿಷನ್ನಿನ ಮೂತಿಗೆ, ಬೆನ್ನಿನ ಕಿಂಡಿಗಳಿಗೆ, ಗರಗಸದ ಹಲ್ಲುಹಲ್ಲಿಗೆ. "ನಮ್ ನಾರಾಣಿ ಕಾಲು ಇವು" ಅಂದಳು ಒಮ್ಮೆ, ನನಗಲ್ಲ. ಅಜ್ಜಿ ನೋಡಿ ಕೈ ಮುಗಿದಳು. ತುಪ್ಪ ಹಚ್ಚಿಸಿಕೊಂಡಿದ್ದೆಲ್ಲ ಅವಳಿಗೆ ದೇವರೇ. ಬಾಯಿ ಒಡೆದ ಗುಡಾಣವನ್ನು ಖಾಲಿ ಮಾಡಿ, ಒಳಗೆ ಇಳಿಸಿ, ಮೇಲೆ ಹಲಗೆ ಮುಚ್ಚಿದೆವು. ಮುಚ್ಚುವಾಗ ನಾನು ತೆಲುಗಿನಲ್ಲಿ ಏನೋ ಒಂದು ಮಂತ್ರ ಹೇಳಿದೆ. ಅದು ನಿಜವಾಗಿ ಬದನೆಕಾಯಿಯ ದರ.

ತಿಂಗಳ ಮೇಲಾಗಿತ್ತು. ದಸರಾ ರಜೆಗೆ ಇನ್ನೂ ನಾಲ್ಕೈದು ದಿನ. ನನ್ನ ಕ್ಲಾಸಿನ ವಸಂತಾ ಮನೆಯಲ್ಲಿ ತೆಲುಗು. ಅವರ ಮನೆಯ ಬಾವಿಯ ಹತ್ತಿರ ಆಡುತ್ತಿದ್ದಾಗ ಅವಳು ನೀರು ಸೇದಿದಳು. ಬಕೆಟ್ಟಿನ ತಳದಿಂದ ನೀರು ಕಾಲ ಮೇಲೆ ಸೋರಿತು.

"ಛೀ, ತುಪ್ಪು ಪಟ್ಟಿಂದಿ" ಅಂದಳು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

"ಬಕೆಟ್ಟಿಗೆ ಯಾರೇ ತುಪ್ಪ ಹಚ್ಚಿದ್ದು? ನಿಮ್ಮಜ್ಜೀನಾ?"

ವಸಂತಾ ಬಕೆಟ್ಟನ್ನು ಬೋರಲು ಹಾಕಿ ತಳ ತೋರಿಸಿದಳು. ಕೆಂಪು ಕೆಂಪಾಗಿ ಪದರ ಎದ್ದಿತ್ತು. ಬೆರಳಿನಿಂದ ಕೆರೆದರೆ ಪುಡಿ.

"ತುಪ್ಪ ಅಲ್ವೇ ದಡ್ಡಿ, ತುಪ್ಪು. ತುಕ್ಕು. ತುಪ್ಪಕ್ಕೆ ನೆಯ್ಯಿ ಅಂತೀವಿ, ಅದೂ ಗೊತ್ತಿಲ್ವಾ?"

ಗೊತ್ತಿತ್ತು. ಅದೇ ತಮಾಷೆ. ವಾರಕ್ಕೊಮ್ಮೆ ತುಪ್ಪ ಮಾರುವವಳು ಬೀದಿಯಲ್ಲಿ "ನೆಯ್ಯೀ" ಎಂದು ಕೂಗಿಕೊಂಡು ಹೋಗುತ್ತಿದ್ದಳು, ನಾನೇ ಅವಳ ಹಿಂದೆ ಅಣಕಿಸಿಕೊಂಡು ಓಡುತ್ತಿದ್ದೆ. ಆ ಬಾವಿಯ ಕಟ್ಟೆಯ ಮೇಲೆ ಮೇಸ್ತ್ರಿಯ ಮಾತು ನನ್ನ ತಲೆಯಲ್ಲಿ ತಾನಾಗಿ ಮಗುಚಿಕೊಂಡು ಬಿತ್ತು. ತುಕ್ಕು ಹಿಡಿಯದ ಹಾಗೆ ಹಚ್ಚಿ ಇಡಲು ಹೇಳು. ಪಟ್ಟಕುಂಡಾ ಅಂದರೆ ಹಿಡಿಯದ ಹಾಗೆ. ಮಡಕೆಯೂ ಇಲ್ಲ, ಗುಡಾಣವೂ ಇಲ್ಲ. ಏನು ಹಚ್ಚಬೇಕು ಅನ್ನುವುದನ್ನು ಅವರು ಹೇಳಿಯೇ ಇರಲಿಲ್ಲ. ಮಿಷನ್ನಿಗೆ ಏನು ಹಚ್ಚುತ್ತಾರೆ ಅನ್ನುವುದು ಯಾರಿಗೆ ಗೊತ್ತಿಲ್ಲ?

ಮನೆಗೆ ಓಡಿದೆ. ಹೇಳಬೇಕು ಎಂದೇ ಓಡಿದ್ದು. ಆದರೆ ಜಗಲಿಯಲ್ಲಿ ಅಪ್ಪ ಅವರ ಹೆಡ್‌ಮಾಸ್ಟರ ಜೊತೆ ಕಾಫಿ ಕುಡಿಯುತ್ತಿದ್ದರು. ನನ್ನನ್ನು ಕಂಡು, ಎಂದೂ ನನ್ನ ಬಗ್ಗೆ ಒಂದು ಒಳ್ಳೆಯ ಮಾತಾಡದ ನಮ್ಮಪ್ಪ, "ಇವಳೇ ಸಾರ್ ನಮ್ ಸರಸು. ಮೂರು ಭಾಷೇನೂ ನೀರು ಕುಡ್ದಂಗೆ ಮಾತಾಡ್ತಾಳೆ" ಅಂದರು. ಹೆಡ್‌ಮಾಸ್ಟರು "ಭೇಷ್" ಅಂದರು. ನಾನು ಒಳಗೆ ಹೋಗಿ, ಕತ್ತಲೆ ಕೋಣೆಯಲ್ಲಿ ಗುಡಾಣದೊಳಗೆ ಕೈ ಬಿಟ್ಟು ಡ್ರಿಲ್ಲಿಂಗ್ ಮಿಷನ್ ಮೇಲೆತ್ತಿ ನೋಡಿದೆ. ಮೂತಿಯ ಸುತ್ತ ರಾಗಿಕಾಳಿನಷ್ಟು ಮೂರು ನಾಲ್ಕು ಕಂದು ಚುಕ್ಕೆ. ಅಷ್ಟೇ. ಅವತ್ತು ಒಂದು ಬಾಯಿ ಬಿಟ್ಟಿದ್ದರೆ, ಒಂದು ಹಿಡಿ ಬಟ್ಟೆ, ಒಂದು ಚಮಚ ಮಿಷನ್ ಎಣ್ಣೆ, ಕಾಲು ಗಂಟೆ. ಇದನ್ನು ನಾನು ಉಬ್ಬಿಸಿ ಹೇಳುತ್ತಿಲ್ಲ.

ಬಾಯಿ ಬಿಡುವ ಬದಲು ನಾನು ಬುದ್ಧಿ ಓಡಿಸಿದೆ. ಮರುದಿನ ಅಮ್ಮ ರೇಷನ್ನಿಗೆ ಹೋದಾಗ ಹುಣಸೆಹಣ್ಣು ಕಿವುಚಿ, ಹಿತ್ತಾಳೆ ದೀಪ ಬೆಳಗುವ ಹಾಗೆ ಮೂತಿಯನ್ನೂ ಗರಗಸದ ಹಲ್ಲನ್ನೂ ಬೆಳಗಿದೆ. ಬೆಳ್ಳಿಯ ಹಾಗೆ ಹೊಳೆಯಿತು. ಬೆಳ್ಳಂದೂರಿನವರೆಗೆ ಕಾಣಬೇಕು ಆ ಹೊಳಪು. ತಣ್ಣೀರಲ್ಲಿ ತೊಳೆದು, ಲಂಗದಲ್ಲಿ ಒರೆಸಿ, ಗುಡಾಣಕ್ಕೆ ಇಳಿಸಿ, ಹಲಗೆ ಮುಚ್ಚಿದೆ. ಹುಳಿ ಕಬ್ಬಿಣಕ್ಕೆ ಏನು ಮಾಡುತ್ತದೆ ಅನ್ನುವುದು ನಮ್ಮ ಪುಸ್ತಕದಲ್ಲಿ ಮುಂದಿನ ವರ್ಷಕ್ಕಿತ್ತು.

ಆಮೇಲೆ ಕೃಷ್ಣಗಿರಿಯಿಂದ ಕಾಗದ ಬಂತು. ಅಮ್ಮ ಮೂರನೆಯ ಕ್ಲಾಸಿನವರೆಗೆ ತಮಿಳು ಓದಿದವಳು. ಚಿಕ್ಕಪ್ಪ ಬರೆಯುತ್ತಿದ್ದುದು ಕನ್ನಡದಲ್ಲಿ. ಅವನ ಕಾಗದಗಳನ್ನು ನಾನು ಅಡುಗೆಮನೆಯ ಹೊಸಿಲ ಮೇಲೆ ಕೂತು ಅಮ್ಮನಿಗೆ ಒಮ್ಮೆ ಮೆಲ್ಲಗೆ, ಅಜ್ಜಿಗೆ ಒಮ್ಮೆ ಕಿರುಚಿ ಓದುತ್ತಿದ್ದೆ. ಎರಡನೆಯ ಸಲ ಇಡೀ ಬೀದಿಗೆ ನಮ್ಮ ಯೋಗಕ್ಷೇಮ ತಿಳಿಯುತ್ತಿತ್ತು. ನಡುವೆ ಒಂದು ಕಡೆ ಹೀಗಿತ್ತು: "ಅತ್ತಿಗೆ, ಮಳೆ ಹಿಡಿಯುವ ಮುಂಚೆ ಮಿಷನ್ನುಗಳನ್ನು ಒಂದು ಸಲ ಬಿಸಿಲಿಗೆ ಇಟ್ಟು ಒಣ ಬಟ್ಟೆಯಲ್ಲಿ ಒರೆಸಿಡಿ. ಮೇಸ್ತ್ರಿ ಹೇಳಿರುತ್ತಾರೆ, ಆದರೂ ಬರೆಯುತ್ತಿದ್ದೇನೆ. ಮಲಗಿದಲ್ಲೇ ಅದೇ ಯೋಚನೆ." ನನ್ನ ಕಣ್ಣು ಅಲ್ಲಿ ಒಂದು ಕ್ಷಣ ನಿಂತಿತು. ಅಮ್ಮ ಒಲೆಯ ಮುಂದಿನಿಂದ "ಮುಂದೆ?" ಅಂದಳು. ನಾನು ಆ ಮೂರು ಸಾಲನ್ನು ಹಾರಿಸಿ, ಅತ್ತೆಯ ಮನೆಯ ಎಮ್ಮೆ ಚಿಕ್ಕಪ್ಪನ ಕಾಲಿನ ಹಿಟ್ಟನ್ನು ಬೂಸಾ ಅಂದುಕೊಂಡು ನೆಕ್ಕಿತಂತೆ ಎಂದು ಓದಿದೆ. ಅಮ್ಮ ನಕ್ಕಳು. ಅಜ್ಜಿಗೆ ಕಿರುಚಿದಾಗ ಅವಳೂ ನಕ್ಕಳು, ಪಕ್ಕದ ಮನೆಯವರೂ ನಕ್ಕರು. ಅಷ್ಟು ಜನರನ್ನು ಒಟ್ಟಿಗೆ ನಗಿಸಿದ್ದು ನನಗೆ ಅದೇ ಮೊದಲು. ಕಾಗದವನ್ನು ಮಡಿಸಿ ಲಂಗದ ಒಳಜೇಬಿಗೆ ಹಾಕಿಕೊಂಡೆ.

ಆಯುಧಪೂಜೆಯ ದಿನ ಅಮ್ಮ ಕತ್ತಿ, ಈಳಿಗೆಮಣೆ, ಅಪ್ಪನ ಸೈಕಲ್ಲು ಎಲ್ಲ ತೊಳೆದು ಸಾಲಾಗಿಟ್ಟು, ಮಿಷನ್ನುಗಳನ್ನೂ ಹೊರಗೆ ತೆಗೆಯಲು ಸೆರಗು ಸಿಕ್ಕಿಸಿ ನಿಂತಳು.

"ತೆಗೀಬಾರ್ದಮ್ಮ! ಮೇಸ್ತ್ರಿ ಅವತ್ತೇ ಹೇಳಿದ್ರು. ಗಾಳಿ ಹೊಕ್ಬುಟ್ರೆ ಕೆಟ್ಟೋಯ್ತವಂತೆ."

"ಅದು ಅವತ್ತು ಹೇಳ್ಲೇ ಇಲ್ವಲ್ಲೇ ನೀನು."

"ಮರ್ತಿದ್ದೆ."

ಅಮ್ಮ ನನ್ನ ಮುಖ ನೋಡಿದಳು. ನಂಬಿದಳು. ಗುಡಾಣದ ಹೊಟ್ಟೆಗೇ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಸಿಕ್ಕಿಸಿ, ಒಂದು ಚೊಂಬು ನೀರಿನಿಂದ ಸುತ್ತ ಚಿಮುಕಿಸಿದಳು. ಅವತ್ತು ಮಧ್ಯಾಹ್ನ ಮಳೆ ಶುರುವಾಯಿತು. ಹದಿನೆಂಟು ದಿನ ಬಿಡಲಿಲ್ಲ. ನಾನು ಬೇರೆಯವರಿಗೆ ಹೇಳುವಾಗ ನಲವತ್ತು ದಿನ ಅನ್ನುತ್ತೇನೆ. ಕತ್ತಲೆ ಕೋಣೆಯ ಗೋಡೆ ಬೆವರುವುದನ್ನು ಬಿಟ್ಟು ಹರಿಯತೊಡಗಿತು. ಗುಡಾಣದ ಹೊಟ್ಟೆ ಒದ್ದೆಯಾಗಿ ಅರಿಶಿನ ಇಳಿದು ನೆಲಕ್ಕೆ ಬಂತು. ಗೋಡೆಯ ಬುಡದಿಂದ ಗುಡಾಣದ ಬಾಯಿಯವರೆಗೆ ಕೆಂಪಿರುವೆಗಳ ಸಾಲು, ತೇರು ಎಳೆಯುವವರ ಹಾಗೆ. ಒಳಗೆ ಇಲಿ ಕರಕರ ಅನ್ನುವ ಸದ್ದು. ಆ ಕೋಣೆಯ ಮುಂದೆ ಹಾದುಹೋಗುವಾಗಲೆಲ್ಲ ನಾನು ಜೋರಾಗಿ ಹಾಡು ಹೇಳಿಕೊಳ್ಳುತ್ತಿದ್ದೆ. ಒಂದು ಸಲವೂ ಹಲಗೆ ಎತ್ತಲಿಲ್ಲ.

ದೀಪಾವಳಿಯಾದ ಮೂರನೆಯ ದಿನ ಬೆಳಿಗ್ಗೆ ಚಿಕ್ಕಪ್ಪ ಬಂದ. ಕಂಕುಳಲ್ಲಿ ಒಂದು ಕೋಲು, ಮುಖದಲ್ಲಿ ಗಡ್ಡ. ಅಜ್ಜಿ ಅವನ ಗಲ್ಲ ಹಿಡಿದು "ಯಾಕ್ಲಾ ಇಂಗಾಗ್ಬುಟ್ಟೆ?" ಎಂದು ಅತ್ತಳು. ಅಮ್ಮ ಕಾಫಿ ಇಟ್ಟಳು. ಅವನು ಕಾಫಿ ಮುಟ್ಟಲಿಲ್ಲ.

"ಮಿಷನ್ ಎಲ್ಲವೆ ಅತ್ತಿಗೆ?"

"ನಿನ್ ಮಿಷನ್ನು ರಾಜನ ಮಕ್ಕಳಂಗವೆ ಬಾರಪ್ಪ" ಎಂದು ಅಮ್ಮ ನಗುತ್ತ ಕತ್ತಲೆ ಕೋಣೆಗೆ ಕರೆದುಕೊಂಡು ಹೋದಳು. ಅವಳ ಆ ನಗು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಹಲಗೆ ಎತ್ತಿದಾಗ ಮೊದಲು ವಾಸನೆ ಬಂತು. ಕಮಟು, ಹುಳಿ, ಸತ್ತ ಇರುವೆ. ಚಿಕ್ಕಪ್ಪ ಕೋಲು ಗೋಡೆಗೆ ಒರಗಿಸಿ, ಎರಡೂ ಕೈ ಇಳಿಬಿಟ್ಟು ಒಂದೊಂದಾಗಿ ಎತ್ತಿ ನೆಲಕ್ಕಿಟ್ಟ. ಗರಗಸದ ಹಲ್ಲುಗಳ ಮೇಲೆ ಕೆಂಪು ಹಿಟ್ಟು ಕಟ್ಟಿತ್ತು. ಡ್ರಿಲ್ಲಿಂಗ್ ಮಿಷನ್ನಿನ ಮೂತಿ ಹಿಡಿದು ತಿರುಗಿಸಿದ, ತಿರುಗಲಿಲ್ಲ. ಅದರ ವೈರನ್ನು ಇಲಿ ಎರಡು ಕಡೆ ತಿಂದು ತಾಮ್ರ ಕಾಣಿಸುತ್ತಿತ್ತು. ತಳದಲ್ಲಿ ಮಲಗಿದ್ದ ಗ್ರೈಂಡಿಂಗ್ ಮಿಷನ್ ಒಂದೇ ಸ್ವಲ್ಪ ಮುಖ ಉಳಿಸಿಕೊಂಡಿತ್ತು. ಅದಕ್ಕೆ ನನ್ನ ಹುಣಸೆಹಣ್ಣು ತಾಗಿರಲಿಲ್ಲ. ಅವನು ಬೆರಳಿನಲ್ಲಿ ಆ ಜಿಡ್ಡನ್ನು ತೆಗೆದು ಮೂಸಿ, ನಾಲಿಗೆಗೆ ಇಟ್ಟುಕೊಂಡ.

"ಅತ್ತಿಗೆ, ಇದು ತುಪ್ಪ."

"ಊಂನಪ್ಪ. ನಮ್ಮೂರಿಂದು."

"ಉಪ್ಪೂ ಐತೆ."

ಸೀಮೆಎಣ್ಣೆ ತರಿಸಿ ಹಿತ್ತಲಲ್ಲಿ ಕೂತು ಮಧ್ಯಾಹ್ನದವರೆಗೆ ಒರೆಸಿದ. ವೈರು ಕತ್ತರಿಸಿ ಹೊಸದಾಗಿ ಜೋಡಿಸಿದ. ಮೂತಿ ಕೊನೆಗೆ ಕಿರ್ರೆಂದು ತಿರುಗಿತು. ಅಮ್ಮ ಬಾಗಿಲಲ್ಲಿ ನಿಂತು ಕೈ ಮುಗಿದುಕೊಂಡೇ ಇದ್ದಳು. ಪ್ಲಗ್ ಹಾಕಿ ಒತ್ತಿದ. ಮಿಷನ್ ಒಮ್ಮೆ ಗೊರಗೊರ ಅಂದು, ಎರಡು ಸುತ್ತು ತಿರುಗಿ, ಬೆನ್ನಿನ ಕಿಂಡಿಗಳಿಂದ ನೀಲಿ ಹೊಗೆ ಬಿಟ್ಟಿತು. ಬಿಸಿ ತುಪ್ಪದ ವಾಸನೆ ಮನೆಯೆಲ್ಲ ತುಂಬಿತು. ನಡುಮನೆಯಿಂದ ಅಜ್ಜಿ ಸಂತೋಷದಿಂದ ಕೂಗಿದಳು.

"ಹೋಳ್ಗೆ ಮಾಡ್ತಿದೀರೇನ್ರೇ? ನಾರಾಣಿಗೆ ಎರಡ್ ಜಾಸ್ತಿ ಹಾ‍ಕ್ರಿ!"

ಯಾರೂ ನಗಲಿಲ್ಲ. ಚಿಕ್ಕಪ್ಪ ಪ್ಲಗ್ ಕಿತ್ತು, ಮಿಷನ್ನನ್ನು ತೊಡೆಯ ಮೇಲೆ ಹಾಗೇ ಇಟ್ಟುಕೊಂಡು ಕೂತ. ಅದು ಆರುವವರೆಗೂ ಕೂತಿದ್ದ.

ಸಂಜೆ ಅಪ್ಪ ಸ್ಕೂಲಿನಿಂದ ಬಂದರು. ಅದೇ ಹೊತ್ತಿಗೆ, ಚಿಕ್ಕಪ್ಪ ಬಂದ ಸುದ್ದಿ ತಿಳಿದು, ಮೇಸ್ತ್ರಿಯೂ ಬಂದರು. ನಡುಮನೆಯಲ್ಲಿ ಚಾಪೆಯ ಮೇಲೆ ಮೂರು ಮಿಷನ್ನುಗಳು. ಅಪ್ಪ ನೋಡಿ, ವಿಷಯ ಕೇಳಿಕೊಂಡು ಅಮ್ಮನ ಕಡೆ ತಿರುಗಿದರು.

"ಬೇರೆಯವರ ಸಾಮಾನು ನೋಡ್ಕೊಳ್ಳೋದು ಅಂದ್ರೆ ಇಂಗೇನಾ? ತುಪ್ಪ ಹಚ್ಚಿದ್ದಾಳಂತೆ ತುಪ್ಪ! ಕಾಡಿಂದ ಬಂದವಳು ಕಾಡು ಬುದ್ಧಿ ತೋರ್ಸಿದ್ಲು."

"ನೀವೇ ಹೇಳಿದ್ರಂತಲ್ಲ" ಎಂದು ಅಮ್ಮ ಮೇಸ್ತ್ರಿಯ ಕಡೆ ನೋಡಿ ತಮಿಳಿನಲ್ಲಿ ಅಂದಳು.

ಮೇಸ್ತ್ರಿ ಮಂಜುಗಣ್ಣು ಕಿರಿದು ಮಾಡಿ, ಅವತ್ತು ಹೇಳಿದ್ದನ್ನು ಹಾಗೇ ತಿರುಗಿ ಹೇಳಿದರು. ತುಪ್ಪು ಪಟ್ಟಕುಂಡಾ ಪೂಸಿ ಪೆಟ್ಟಮನಿ. ಅಪ್ಪನಿಗೆ ತೆಲುಗು ಬರುತ್ತಿತ್ತು. ನನ್ನ ಕಡೆ ನೋಡಿದರು. ಆಮೇಲೆ ಅವರಿಗೆ ನಗು ಬಂತು. ತಡೆಯಲಾಗದ ನಗು.

"ತುಪ್ಪು ಅಂದ್ರೆ ತುಪ್ಪ! ಪಟ್ಟಕುಂಡಾ ಅಂದ್ರೆ ಕುಂಡ! ಅಯ್ಯೋ ನಮ್ ಪಂಡಿತೆ!"

ಮೇಸ್ತ್ರಿ ನಕ್ಕರು. ಅಮ್ಮನೂ ಕಣ್ಣೊರೆಸಿಕೊಂಡು ನಕ್ಕಳು. ಅಷ್ಟು ಹೊತ್ತಿನಿಂದ ಕಲ್ಲಾಗಿದ್ದ ಚಿಕ್ಕಪ್ಪನ ಬಾಯಿಯ ಅಂಚು ಕೂಡ ಅಲುಗಿತು. ಮಕ್ಕಳ ತಪ್ಪು. ಆ ನಗುವಿನ ಒಳಗೆ ನಾನು ಆರಾಮಾಗಿ ಅಡಗಿಕೊಳ್ಳಬಹುದಿತ್ತು. ಅಡಗಿಕೊಂಡೂ ಇದ್ದೆ, ನಾಲಿಗೆ ಕಚ್ಚಿಕೊಂಡ ಹಾಗೆ ನಟಿಸಿ ಎಲ್ಲರನ್ನೂ ಇನ್ನಷ್ಟು ನಗಿಸುತ್ತಿದ್ದೆ.

"ಹೋಗ್ಲಿ ಬುಡಿ ಅತ್ತಿಗೆ" ಅಂದ ಚಿಕ್ಕಪ್ಪ. "ಆದ್ರೂ ನಾನು ಕಾಗ್ದದಲ್ಲಿ ಬರ್ದಿದ್ನಲ್ಲ, ಮಳೆ ಹಿಡಿಯೋಕೆ ಮುಂಚೆ ಬಿಸ್ಲಿಗಿಟ್ಟು ಒರ್ಸಿ ಅಂತ. ಅವಾಗಾದ್ರೂ ತೆಗ್ದಿದ್ರೆ ಗೊತ್ತಾಗ್ತಿತ್ತು."

"ಯಾವ್ ಕಾಗ್ದದಲ್ಲಿ?" ಅಮ್ಮ ಕೇಳಿದಳು. "ಎಮ್ಮೆ ನೆಕ್ತು ಅಂತ ಬರ್ದಿದ್ಯಲ್ಲ, ಅದ್ರಲ್ಲಾ?"

"ಯಾವ್ ಎಮ್ಮೆ?"

ನಗು ಒಬ್ಬೊಬ್ಬರ ಮುಖದಿಂದ ಒಂದೊಂದಾಗಿ ಇಳಿಯಿತು. ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಸುಳ್ಳು ಹೊಳೆಯಲಿಲ್ಲ ಎಂದಲ್ಲ, ಮೂರು ಹೊಳೆದವು, ಮೂರೂ ಚೆನ್ನಾಗಿದ್ದವು. ಆದರೆ ಅಮ್ಮ ಇನ್ನೂ ನನ್ನನ್ನು ನಂಬಿದ ಮುಖದಲ್ಲೇ ನೋಡುತ್ತಿದ್ದಳು. ಬಕೆಟ್ಟಿನ ವಿಷಯ ಹೇಳಿದೆ. ಹುಣಸೆಹಣ್ಣು ಹೇಳಿದೆ. ಹಾರಿಸಿದ ಸಾಲು, ಆಯುಧಪೂಜೆಯ ಗಾಳಿ, ಎಲ್ಲ ಹೇಳಿದೆ. ಅಪ್ಪ ಕೈ ಎತ್ತಿದರು. ಚಿಕ್ಕಪ್ಪ ಆ ಕೈಯನ್ನು ಹಿಡಿದುಕೊಂಡ.

"ತುಪ್ಪು ಅಂದ್ರೇನು ಅಂತ ನಿಂಗೆ ಯಾವಾಗ ಗೊತ್ತಾಯ್ತು ಸರಸು?"

"ದಸರಾ ರಜೆಗೆ ಮುಂಚೆ."

ಅವನು ಲೆಕ್ಕ ಹಾಕಿದ.

"ಅವಾಗ ಇನ್ನೂ ಮಳೆ ಬಂದಿರ್ಲಿಲ್ಲ" ಅಂದ.

ಅಷ್ಟೇ ಅಂದಿದ್ದು. ಅಪ್ಪ ಹೊಡೆದಿದ್ದರೆ ಅದನ್ನೂ ಇಲ್ಲಿ ನಗೆಯಾಗಿ ಬರೆಯುತ್ತಿದ್ದೆ. ಮೇಸ್ತ್ರಿ ಎದ್ದು ಡ್ರಿಲ್ಲಿಂಗ್ ಮಿಷನ್ನನ್ನೂ ಗರಗಸವನ್ನೂ ಚೀಲಕ್ಕೆ ಹಾಕಿಕೊಂಡರು. ಬೆಂಗಳೂರಿಗೆ ಕಳಿಸಿ ಸುಟ್ಟ ಮೋಟರಿನ ತಂತಿ ಹೊಸದಾಗಿ ಸುತ್ತಿಸಿ ನೋಡುತ್ತೇನೆ, ಮಂಟಪದವರು ಅಲ್ಲಿಯವರೆಗೆ ಕಾಯುವುದಿಲ್ಲ, ಬಾಗಿಲ ಕೆಲಸವನ್ನು ಬೇರೆಯವರಿಗೆ ಹೇಳಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿದರು. ಗ್ರೈಂಡಿಂಗ್ ಮಿಷನ್ ನೀನೇ ಇಟ್ಟುಕೋ ಅಂದರು. ಅವರು ಹೋದ ಮೇಲೆ ಅಪ್ಪ ಗೆದ್ದವರ ಹಾಗೆ ಇರಲಿಲ್ಲ. ನನ್ನನ್ನು ನಡುವೆ ಇಟ್ಟುಕೊಳ್ಳದೆ ನೇರವಾಗಿ ತಮ್ಮನನ್ನೇ ಕೇಳಿದರು.

"ನಾರಾಣಿ, ಸೊಸೈಟೀಲಿ ನಿನ್ ಹೆಸ್ರು ಹೇಳ್ಲಾ?"

"ಹೇಳಣ್ಣ."

ನಾಲ್ಕು ದಿನಕ್ಕೆ ಕೆಲಸದ ಕಾಗದ ಬಂತು. ಮೊದಲ ದಿನ ಬೆಳಿಗ್ಗೆ ಅಮ್ಮ ಬಿಳಿ ಷರ್ಟಿಗೆ ಚೊಂಬಿನಲ್ಲಿ ಕೆಂಡ ಹಾಕಿ ಇಸ್ತ್ರಿ ಮಾಡಿದಳು. ಆ ನಾಲ್ಕೂ ದಿನ ಚಿಕ್ಕಪ್ಪ ನನ್ನ ಜೊತೆ ಮಾತಾಡಿರಲಿಲ್ಲ. ಅವತ್ತು ಹಿತ್ತಲಿಂದ ನನ್ನ ಹೆಸರು ಹಿಡಿದು ಕರೆದ. ಗ್ರೈಂಡಿಂಗ್ ಮಿಷನ್ನನ್ನೂ ಒಂದು ಮರದ ಪೆಟ್ಟಿಗೆಯನ್ನೂ ಮುಂದಿಟ್ಟುಕೊಂಡು ಕೂತಿದ್ದ. ಬನೀನಿನಲ್ಲಿದ್ದ, ಷರ್ಟು ಇನ್ನೂ ಗೂಟದ ಮೇಲಿತ್ತು.

"ಇನ್ಮೇಲೆ ಇದನ್ನ ನೀನು ನೋಡ್ಕೋಬೇಕು. ನಂಗೆ ಹೊತ್ತಿರಲ್ಲ. ನಾನು ಹೇಳಿದ್ದನ್ನ ಕೇಳ್ಕೊಂಡು ತಿರುಗಿ ಹೇಳು. ಮೊದ್ಲು ಪ್ಲಗ್ ಕೀಳ್ಬೇಕು. ಬಿಸಿ ಆರ್ಬೇಕು. ಒಣ ಬಟ್ಟೇಲಿ ಧೂಳು ಒರ್ಸ್ಬೇಕು, ಕಿಂಡಿಗೆ ನೀರು ತಾಗ್ಸ್ಬಾರ್ದು. ಕಬ್ಬಿಣ ಇರೋ ಕಡೆ ಮಾತ್ರ ಮಿಷನ್ ಎಣ್ಣೆ, ಬೆಳ್ಳಿನ್ ತುದೀಲಿ. ವೈರ್ ಸಡ್ಲವಾಗಿ ಸುತ್ಬೇಕು, ಬಿಗಿಯಾಗಿ ಸುತ್ತಿದ್ರೆ ಒಳ್ಗೇ ತುಂಡಾಯ್ತದೆ. ಹತ್ತಿ ಬಟ್ಟೇಲಿ ಸುತ್ತಿ ಮರದ ಪೆಟ್ಗೇಲಿ ಇಡ್ಬೇಕು. ನೆಲದ್ ಮೇಲೆ ಇಡ್ಬಾರ್ದು, ಗೋಡೆಗೆ ತಾಗ್ಸ್ಬಾರ್ದು. ತಿಂಗ್ಳಿಗೊಂದ್ಸಲ ತೆಗ್ದು ನೋಡ್ಬೇಕು. ಈಗ ನೀನೇಳು."

ಹೇಳಿದೆ. ಒಂದು ಪದ ಕೂಡಿಸಲಿಲ್ಲ, ಒಂದು ಪದ ಬಿಡಲಿಲ್ಲ. ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ.

"ಇನ್ನೊಂದ್ಸಲ."

ಇನ್ನೊಂದು ಸಲ ಹೇಳಿದೆ. ಜಗಲಿಯಿಂದ ಅಪ್ಪ "ನಾರಾಣಿ, ಹೊತ್ತಾಯ್ತು" ಅಂದರು. ಅವನು ಎದ್ದು ಬಚ್ಚಲಿಗೆ ಹೋಗಿ ಬೆರಳಿನ ಎಣ್ಣೆಯನ್ನು ಸೋಪು ಹಾಕಿ ತೊಳೆದು, ಉಗುರಿನ ಸಂದಿ ನೋಡಿ ಮತ್ತೊಮ್ಮೆ ತೊಳೆದ. ಷರ್ಟು ಹಾಕಿಕೊಂಡ.

"ಇನ್ನೊಂದ್ಸಲ" ಅಂದ ಹೊಸಿಲು ದಾಟುತ್ತ.

ಅಣ್ಣ ಮುಂದೆ, ತಮ್ಮ ಕಾಲೆಳೆಯುತ್ತ ಹಿಂದೆ, ಬೀದಿಯ ತಿರುವು ದಾಟಿದರು. ನಾನು ಹಿತ್ತಲಲ್ಲಿ ಆ ಪೆಟ್ಟಿಗೆಯ ಮುಂದೆ ನಿಂತು ಮೂರನೆಯ ಸಲ ಹೇಳುತ್ತಿದ್ದೆ. ನೆಲದ ಮೇಲೆ ಇಡಬಾರದು. ಗೋಡೆಗೆ ತಾಗಿಸಬಾರದು.